ನೀರು ತಾಗಬಾರದ ಗೆರೆ

ಲೋಕಲ್ ಗಾಡಿಯಲ್ಲಿ ಹೆಂಗಸರ ಡಬ್ಬಿಗೂ ಪಕ್ಕದ ಡಬ್ಬಿಗೂ ನಡುವೆ ಒಂದು ಕಬ್ಬಿಣದ ಜಾಲರಿ ಇರುತ್ತದೆ. ಎಂಬತ್ತರ ದಶಕದ ನಡುವಿನ ಒಂದು ವರ್ಷ, ಮಳೆಗಾಲ ಮುಗಿದ ಮೇಲೆ, ನಾನು ಆ ಜಾಲರಿಗೆ ಮುಖ ಒತ್ತಿಕೊಂಡು ಡೊಂಬಿವಲಿಯಿಂದ ದಾದರಿನವರೆಗೆ ನಿಂತಿರುತ್ತಿದ್ದೆ. ಆಚೆ ನನ್ನ ಹೆಂಡತಿ ಕೂತಿದ್ದಾಳೋ ನಿಂತಿದ್ದಾಳೋ ಎಂದು ನೋಡುವುದಷ್ಟೇ ನನ್ನ ಕೆಲಸ. ಹೆಂಗಸರು ಸುಮ್ಮನೆ ಬಿಡುತ್ತಾರೆಯೇ? ಒಬ್ಬಾಕೆಯಂತೂ, ಈ ಮನುಷ್ಯನಿಗೆ ಮನೆಯಲ್ಲಿ ಅಕ್ಕತಂಗಿಯರಿಲ್ಲವೇ ಎಂದು ಇಡೀ ಡಬ್ಬಿಗೆ ಕೇಳುವಂತೆ ಮರಾಠಿಯಲ್ಲಿ ಬೈದಳು. ಹೆಂಡತಿ ಇದ್ದಾಳೆ ತಾಯಿ, ನಿಮ್ಮ ಮೊಣಕೈ ಆಕೆಯ ಎದೆಗೇ ಬಡಿಯುತ್ತಿದೆ ಎಂದು ಹೇಳಬೇಕೆನಿಸಿತು. ಹೇಳಿದರೆ ಕಾರಣವನ್ನೂ ಹೇಳಬೇಕಾಗುತ್ತಿತ್ತು.

ಕಾರಣವನ್ನು ನಾವು ಯಾರಿಗೂ ಹೇಳಿರಲಿಲ್ಲ. ಅವಳ ಎಡ ಎದೆಯಲ್ಲಿ ಗಡ್ಡೆಯಾಗಿತ್ತು, ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಎದೆಯ ಸಮೇತ ತೆಗೆದಿದ್ದರು. ಅದು ಕ್ಯಾನ್ಸರ್. ಈಗ ಈ ಶಬ್ದವನ್ನು ಜನ ಚಹಾ ಕುಡಿಯುತ್ತ ಹೇಳುತ್ತಾರೆ. ಆಗ ನಮ್ಮ ಚಾಳಿನಲ್ಲಿ ಹೇಳಿದ್ದರೆ ನಲ್ಲಿಯ ಕೆಳಗೆ ನಮ್ಮ ಕೊಡ ಇಡಲು ಬಿಡುತ್ತಿದ್ದರೋ ಇಲ್ಲವೋ. ಎರಡು ಮಹಡಿಗೆ ಒಂದೇ ನಲ್ಲಿ, ಗ್ಯಾಲರಿಯ ತುದಿಯಲ್ಲಿ ಎಲ್ಲರಿಗೂ ಸೇರಿದ ಪಾಯಖಾನೆ. ಅದು ಮುಟ್ಟಿದರೆ ಅಂಟುವ ರೋಗ ಎಂದು ಓದಿಕೊಂಡವರೂ ನಂಬಿದ್ದ ಕಾಲ. ಹೊಟ್ಟೆಯ ಆಪರೇಷನ್ ಆಗಿದೆ ಎಂದು ನೆರೆಯವರಿಗೆ ಹೇಳಿದೆವು. ಊರಿನಲ್ಲಿದ್ದ ಅತ್ತೆಗೆ, ಅಂದರೆ ಅವಳ ತಾಯಿಗೆ, ಒಂದು ಗಡ್ಡೆ ಇತ್ತು, ತೆಗೆಸಿಯಾಯಿತು ಎಂದಷ್ಟೇ ತಿಳಿಸಿದೆವು.

ಆಪರೇಷನ್ ಆದ ಮೇಲೆ ಕರೆಂಟು. ವಿಕಿರಣ ಚಿಕಿತ್ಸೆಯನ್ನು ರೋಗಿಗಳು ಹಾಗೆಯೇ ಕರೆಯುತ್ತಿದ್ದರು. ದಿನವೂ ಹೋಗಿ ಯಂತ್ರದ ಕೆಳಗೆ ಮಲಗಿ ಬರಬೇಕು, ಭಾನುವಾರ ಬಿಟ್ಟು, ವಾರಗಟ್ಟಲೆ. ಎಲ್ಲಿ ಕೊಡಬೇಕು ಎಂದು ಅಳತೆ ಮಾಡಿ ಮೈಮೇಲೆ ನೇರಳೆ ಬಣ್ಣದ ಶಾಯಿಯಲ್ಲಿ ಗೆರೆ ಎಳೆದಿದ್ದರು. ಆ ಗೆರೆಗೆ ನೀರು ತಾಗಬಾರದು, ಸೋಪು ತಾಗಬಾರದು, ಎಣ್ಣೆಯಂತೂ ಕೂಡದು. ಗೆರೆ ಹೋದರೆ ಮತ್ತೆ ಮೊದಲಿನಿಂದ ಅಳತೆ. ನನ್ನ ಹೆಂಡತಿ ಕುತ್ತಿಗೆಯಿಂದ ಸೊಂಟದವರೆಗೆ ಒದ್ದೆ ಬಟ್ಟೆಯನ್ನು ಎಚ್ಚರಿಕೆಯಿಂದ ಒತ್ತಿಕೊಳ್ಳುತ್ತ ಮೈ ಒರೆಸಿಕೊಳ್ಳುತ್ತಿದ್ದಳು. ದಿನಕ್ಕೆ ಎರಡು ಸಲ ಮೀಯುತ್ತಿದ್ದ ಕರಾವಳಿಯ ಹೆಂಗಸು, ತನ್ನ ವಾಸನೆ ತನಗೇ ಬರುತ್ತದೆ ಎಂದು ಅಳುತ್ತಿದ್ದಳು.

ನಾನು ಠಾಣೆ ಸ್ಟೇಷನ್ನಿನ ಹತ್ತಿರ ಊರವರ ಹೋಟೆಲೊಂದರಲ್ಲಿ ಮೇಲ್ವಿಚಾರಕ. ಸಿಡುಕ ಎಂದೇ ನನ್ನ ಹೆಸರು. ನಾನು ಒಮ್ಮೆ ಗದರಿಸಿದರೆ ಅಡುಗೆಮನೆಯಿಂದ ಕೈತೊಳೆಯುವ ಜಾಗದವರೆಗೆ ಎಲ್ಲರೂ ನೆಟ್ಟಗಾಗುತ್ತಿದ್ದರು. ಆಸ್ಪತ್ರೆಯ ಬೆಂಚಿನಲ್ಲಿ ಆ ಗದರಿಕೆ ಯಾರಿಗೆ ಬೇಕು? ಅಲ್ಲಿ ಅವತ್ತವತ್ತಿನ ಚೀಟಿಯ ನಂಬರ್ ಕೂಗುತ್ತಾರೆ, ಅವಳು ಒಳಗೆ ಹೋಗುತ್ತಾಳೆ, ದಪ್ಪ ಬಾಗಿಲು ಮುಚ್ಚುತ್ತದೆ. ನಾನು ಅವಳ ಚಪ್ಪಲಿ ನೋಡುತ್ತ ಕೂತಿರುತ್ತೇನೆ. ಅಷ್ಟು ನಿರುಪಯೋಗಿಯಾಗಿ ನಾನು ಬದುಕಿನಲ್ಲಿ ಮತ್ತೆಲ್ಲೂ ಕೂತಿಲ್ಲ. ಮಧ್ಯಾಹ್ನ ಠಾಣೆಗೆ ಬಂದು ಆ ಸಿಟ್ಟನ್ನೆಲ್ಲ ಪಾಪದ ಸಪ್ಲೈಯರುಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಆ ಬೆಂಚಿನಲ್ಲೇ ಅವಳಿಗೆ ಜೊತೆಯೊಂದು ಸಿಕ್ಕಿತು. ರಾಯಚೂರು ಕಡೆಯ ಹೆಂಗಸು, ವಯಸ್ಸಿನಲ್ಲಿ ನನ್ನ ಹೆಂಡತಿಗಿಂತ ಸ್ವಲ್ಪ ದೊಡ್ಡವಳು. ಗಂಡ ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಮೂಟೆ ಹೊರುವವನು, ಅಲ್ಲೇ ಹಳಿಯ ಪಕ್ಕದ ಜೋಪಡಿಯಲ್ಲಿ ವಾಸ. ಆಕೆಯ ರೋಗ ಕೆನ್ನೆಯಲ್ಲಿ. ಎಲೆ ಹೊಗೆಸೊಪ್ಪಿನಿಂದ ಬಂದದ್ದಂತೆ. ನನ್ನ ಹೆಂಡತಿಯ ಗೆರೆ ರವಿಕೆಯೊಳಗೆ, ಆಕೆಯದು ಕೆನ್ನೆಯಿಂದ ಕುತ್ತಿಗೆಯವರೆಗೆ, ಊರಿಗೆಲ್ಲ ಕಾಣುವಂತೆ. ಸೆರಗನ್ನು ತಲೆಯ ಮೇಲೆ ಹೊದ್ದು ಬಾಯಿಯವರೆಗೆ ಎಳೆದುಕೊಂಡಿರುತ್ತಿದ್ದಳು. ಯಾರೋ ಕನ್ನಡದಲ್ಲಿ ನರಳಿದ್ದು ಕೇಳಿ ನನ್ನ ಹೆಂಡತಿ ತಿರುಗಿ ನೋಡಿದಳು. ಅಷ್ಟೇ ಪರಿಚಯ. ಒಂದು ವಾರದಲ್ಲಿ ಇವಳು ಅವಳಿಗೆ ತಂಗಿ, ಅವಳು ಇವಳಿಗೆ ಅಕ್ಕ. ಹೆಸರು ಕೇಳುವ ಪ್ರಮೇಯವೇ ಬರಲಿಲ್ಲ.

ನಮ್ಮ ದೊಡ್ಡ ಕಷ್ಟ ಗಾಡಿಯ ಜಾಗದ್ದು. ಡೊಂಬಿವಲಿಯಲ್ಲಿ ಬೆಳಗಿನ ಹೊತ್ತು ಕಾಲಿಡಲು ಸಿಕ್ಕಿದರೆ ಪುಣ್ಯ. ಎದೆಯ ಗಾಯ ಇಟ್ಟುಕೊಂಡು ಆ ನೂಕಿನಲ್ಲಿ ನಿಂತು ಹೋಗುವುದು ಹೇಗೆ? ಆಕೆ ಹತ್ತುವುದು ಕಲ್ಯಾಣದಲ್ಲಿ, ಗಾಡಿ ಹೊರಡುವ ಜಾಗದಲ್ಲಿ. ನಮ್ಮ ಕಷ್ಟ ಕೇಳಿದ ಮರುದಿನದಿಂದ ಆಕೆ ಕಿಟಕಿಯ ಪಕ್ಕದ ಜಾಗ ಹಿಡಿದು, ಇವಳಿಗೂ ಒಂದು ಉಳಿಸಿಕೊಂಡು, ಡೊಂಬಿವಲಿ ಬರುತ್ತಲೇ ಕಿಟಕಿಯ ಸರಳಿನಿಂದ ಕೈ ಹೊರಗೆ ಹಾಕಿ ಬೀಸತೊಡಗಿದಳು. ಹಸಿರು ಬಳೆಯ ಕೈ. ಅದು ಕಂಡರೆ ನನ್ನ ಜೀವ ತಣ್ಣಗಾಗುತ್ತಿತ್ತು. ಅಷ್ಟು ಹೆಂಗಸರ ನಡುವೆ ಜಾಗ ಹೇಗೆ ಉಳಿಸುತ್ತೀರಿ ಎಂದು ಒಮ್ಮೆ ಕೇಳಿದೆ.

"ಸೆರಗ ತಗೀತೀನ್ರಿ ಅಣ್ಣಾರ," ಎಂದಳು, ಬಾಯಿ ಅರ್ಧ ಮಾತ್ರ ತೆರೆಯುತ್ತ. "ಈ ಕೆನ್ನಿ ಮ್ಯಾಲಿನ ಶಾಯಿ ಕಲಿ ಕಂಡ್ರ ಯಾರೂ ಬಾಜೂಕ ಕುಂದ್ರೂದಿಲ್ಲ. ಇದರಿಂದ ಇಷ್ಟರ ಉಪಯೋಗ ಆಗ್ಲಿ ಬಿಡ್ರಿ."

ಹೇಳಿ ನಕ್ಕಳು. ನಗುವಾಗ ನೋವಾಗಿ ಕೆನ್ನೆ ಹಿಡಿದುಕೊಂಡಳು.

ಆಕೆಗೆ ನಾವು ಕೊಟ್ಟದ್ದು ಗಂಜಿ. ಕರೆಂಟು ಕೊಡುತ್ತ ಹೋದಂತೆ ಬಾಯೊಳಗೆಲ್ಲ ಹುಣ್ಣಾಗಿ ಆಕೆಗೆ ಏನೂ ಇಳಿಯುತ್ತಿರಲಿಲ್ಲ. ಜೋಳದ ರೊಟ್ಟಿ ತಿಂದು ಬೆಳೆದ ಬಾಯಿ. ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ನುಂಗುತ್ತಿದ್ದೇನೆ ಎಂದದ್ದು ಕೇಳಿ ನನ್ನ ಹೆಂಡತಿ ಮನೆಗೆ ಬಂದು ಕಣ್ಣೀರು ಹಾಕಿದಳು. ಆ ವಿಷಯದಲ್ಲಾದರೂ ನಾನು ಕೆಲಸಕ್ಕೆ ಬಂದೆ. ಊರಿನಿಂದ ತರಿಸಿದ ಕುಚ್ಚಲಕ್ಕಿಯನ್ನು ಬೆಳಿಗ್ಗೆ ಬೇಗ ಎದ್ದು ಸ್ಟೋವಿನ ಮೇಲೆ ಮೆತ್ತಗೆ ಬೇಯಿಸಿ, ಕಿವುಚಿ, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ, ಚೂರು ಉಪ್ಪು, ಬೆಣ್ಣೆ ಹಾಕಿ, ಉಗುರು ಬೆಚ್ಚಗಾದ ಮೇಲೆ ಫ್ಲಾಸ್ಕಿಗೆ ತುಂಬುತ್ತಿದ್ದೆ. ಬಿಸಿ ಇದ್ದರೆ ಹುಣ್ಣು ಉರಿಯುತ್ತದೆ, ತಣಿದರೆ ಮೊಸರಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಹೋಟೆಲಿನಲ್ಲಿ ಯಾವ ದೊಡ್ಡ ಮನುಷ್ಯನಿಗೂ ನಾನು ಅಷ್ಟು ಆಸ್ಥೆಯಿಂದ ಏನೂ ಮಾಡಿಸಿದವನಲ್ಲ. ಆಮೇಲೆ ಜಾಲರಿಯ ಆಚೆ ಇಬ್ಬರೂ ಪಕ್ಕಪಕ್ಕ ಕೂತು, ಆಕೆ ಫ್ಲಾಸ್ಕಿನ ಮುಚ್ಚಳದಲ್ಲಿ ಗುಟುಕು ಗುಟುಕಾಗಿ ಕುಡಿಯುವುದು ಕಾಣುತ್ತಿತ್ತು. ಅವರೇನು ಮಾತಾಡುತ್ತಿದ್ದರೋ ಗಾಡಿಯ ಸದ್ದಿನಲ್ಲಿ ನನಗೆ ಕೇಳಿಸುತ್ತಿರಲಿಲ್ಲ. ನನ್ನ ಹತ್ತಿರ ಒಂದು ಸಲವೂ ಆಡದಿದ್ದ ಮಾತುಗಳನ್ನು ನನ್ನ ಹೆಂಡತಿ ಆಕೆಯ ಹತ್ತಿರ ಆಡುತ್ತಿದ್ದಳು ಎಂಬುದು ಮಾತ್ರ ಅವಳ ಮುಖದಿಂದ ಗೊತ್ತಾಗುತ್ತಿತ್ತು. ಹೊಟ್ಟೆಕಿಚ್ಚಾಗುತ್ತಿತ್ತು, ಸಮಾಧಾನವೂ ಆಗುತ್ತಿತ್ತು.

ಇಬ್ಬರಿಗೂ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಅರ್ಧದಲ್ಲಿ ಬಿಟ್ಟರೆ ರೋಗ ಮತ್ತೆ ತಲೆ ಎತ್ತುತ್ತದೆ, ಒಂದು ದಿನವೂ ತಪ್ಪಿಸಬೇಡಿ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ಆಕೆಯ ಕೆನ್ನೆಯ ಬಾವು ಇಳಿಯುತ್ತಿತ್ತು. ಕೊನೆಯವರೆಗೆ ಒಟ್ಟಿಗೆ ಹೋಗಿ ಮುಗಿಸುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

ಅಷ್ಟರಲ್ಲಿ ದೀಪಾವಳಿ ಬಂತು. ಮಗಳನ್ನು ನೋಡದೆ ಇರಲಾರೆ ಎಂದು ಅತ್ತೆ ಉಡುಪಿಯ ಬಸ್ಸು ಹತ್ತಿ ಬಂದೇಬಿಟ್ಟರು, ಗಾಣದಲ್ಲಿ ಆಡಿಸಿದ ತೆಂಗಿನೆಣ್ಣೆಯ ಬಾಟಲಿಯೊಂದಿಗೆ. ಹೊಲಿಗೆ ಒಣಗಿಲ್ಲ, ಮೈಗೆ ನೀರು ಹಾಕುವ ಹಾಗಿಲ್ಲ ಎಂದು ಹೇಳಿ ಅವರನ್ನು ಒಪ್ಪಿಸುವುದರಲ್ಲಿ ಸಾಕುಬೇಕಾಯಿತು. ಹಬ್ಬಕ್ಕೆ ಆಸ್ಪತ್ರೆಯ ಆ ವಿಭಾಗಕ್ಕೂ ರಜೆ. ಕಲ್ಯಾಣದ ಅಕ್ಕನಿಗೆ ಇಲ್ಲಿ ತನ್ನವರೆಂದು ಒಬ್ಬ ಹೆಂಗಸೂ ಇಲ್ಲ, ನರಕ ಚತುರ್ದಶಿಗೆ ನಮ್ಮಲ್ಲಿಗೆ ಕರೆಯೋಣ ಎಂದಳು ನನ್ನ ಹೆಂಡತಿ. ಸರಿ ಎಂದೆ. ಆದರೆ ಅತ್ತೆಗೆ ಏನು ಹೇಳುವುದು? ಆಕೆಯ ರೋಗ ಹೇಳಿದರೆ, ಇಬ್ಬರೂ ಒಂದೇ ಆಸ್ಪತ್ರೆಗೆ ಹೋಗುವವರು, ಮಗಳದ್ದೂ ಹೇಳಿದಂತೆಯೇ. ಗಾಡಿಯಲ್ಲಿ ಪರಿಚಯವಾದವಳು, ಪಾಪ, ಹಲ್ಲುನೋವಿನಿಂದ ಕೆನ್ನೆ ಬಾತಿದೆ ಎಂದು ಹೇಳಿದೆವು. ಆ ಹೊತ್ತಿಗೆ ಅದು ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತು.

ಹಬ್ಬದ ಬೆಳಿಗ್ಗೆ ಚಾಳಿನಲ್ಲೆಲ್ಲ ಗದ್ದಲ. ಮರಾಠಿಯವರ ಮನೆಯಲ್ಲೂ ಅಭ್ಯಂಗ, ನಮ್ಮಲ್ಲೂ. ಹಿಂದಿನ ದಿನವೇ ತುಂಬಿಸಿಟ್ಟ ಹಂಡೆಯ ನೀರು ಕಾಯಲು ಇಟ್ಟು ನಾನು ಹಾಲಿಗೆಂದು ಕೆಳಗೆ ಹೋದೆ. ಹಿಂದಿರುಗಿದಾಗ ಮನೆಯ ಬಾಗಿಲು ಮುಚ್ಚಿತ್ತು. ನಮ್ಮದು ಒಂದೇ ಕೋಣೆ, ಮೂಲೆಯಲ್ಲಿ ಸ್ನಾನದ ಮೋರಿ. ಹೆಂಗಸರು ಮೀಯುವಾಗ ಗಂಡಸರು ಗ್ಯಾಲರಿಯಲ್ಲಿ ನಿಲ್ಲುವುದು ರೂಢಿ. ಹಾಲು ಹಿಡಿದುಕೊಂಡು ನಿಂತೆ. ಒಳಗಿನಿಂದ ಅತ್ತೆಯ ದನಿ ಕೇಳುತ್ತಿತ್ತು.

"ಹಬ್ಬದ ದಿನ ತಲೆಗೆ ಎಣ್ಣೆ ಹಾಕದೆ ಇರುವುದುಂಟಾ ಮಗಾ? ಎಂತ ನಾಚಿಕೆ? ಕಣ್ಣು ಮುಚ್ಚಿಕೋ, ಸೀಗೆಪುಡಿ ಹೋಗ್ತದೆ."

ಮಗಳಿಗೆ ತಲೆಗೆ ಮಾತ್ರ ಎರೆಯುತ್ತಿದ್ದಾರೆ ಎಂದುಕೊಂಡೆ. ಪಾಪ, ಅಷ್ಟಾದರೂ ಆಗಲಿ ಎನಿಸಿತು. ಆಗ ಗ್ಯಾಲರಿಯ ಆ ತುದಿಯಿಂದ, ಪಾಯಖಾನೆಯ ಸಾಲಿನಲ್ಲಿ ಕಾದು ಸುಸ್ತಾಗಿ, ಕೈಯಲ್ಲಿ ಬಾಲ್ದಿ ಹಿಡಿದುಕೊಂಡು ನನ್ನ ಹೆಂಡತಿ ನಡೆದು ಬಂದಳು.

ನಾನು ಅವಳನ್ನು ನೋಡಿದೆ, ಮುಚ್ಚಿದ ಬಾಗಿಲನ್ನು ನೋಡಿದೆ. ಬಾಗಿಲ ಹೊರಗೆ ಕಲ್ಯಾಣದ ಅಕ್ಕನ ಚಪ್ಪಲಿ ಇತ್ತು. ಕಣ್ಣಿಗೆ ಬಿದ್ದದ್ದು ಆಗಲೇ.

ಅವಳು ಬಾಲ್ದಿ ಕೆಳಗಿಟ್ಟು ಬಾಗಿಲು ಬಡಿದಳು. "ಅಮ್ಮ, ಬಾಗಿಲು ತೆಗೆ. ಅವರ ಮುಖಕ್ಕೆ ನೀರು ಹಾಕಬೇಡ."

"ಈಗೆಂತ ಅವಸರ? ನೊರೆ ತೊಳೀತಾ ಇದ್ದೇನೆ," ಎಂದರು ಅತ್ತೆ ಒಳಗಿನಿಂದ. "ಮುಖಕ್ಕೆಲ್ಲ ಯಾರೋ ಎಂತದೋ ಶಾಯಿ ಬಳಿದಿದ್ದಾರೆ ಮಾರಾಯ್ತಿ. ಕಡಲೆಹಿಟ್ಟು ಹಾಕಿ ಉಜ್ಜಿದೆ, ಎಲ್ಲ ಹೋಯಿತು."

ಒಳಗೆ ಹೆಂಗಸು ಮೀಯುತ್ತಿರುವಾಗ ಬಾಗಿಲು ನೂಕುವಂತಿಲ್ಲ. ನೂಕಿದ್ದರೂ ಏನು ಉಳಿಯುತ್ತಿತ್ತು? ನೀರು ಸುರಿಯುವ ಸದ್ದು ಕೇಳುತ್ತ ಇಬ್ಬರೂ ನಿಂತೆವು.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಆಕೆ ನನ್ನ ಹೆಂಡತಿಯ ಸೀರೆ ಉಟ್ಟು, ತಲೆಗೆ ಟವಲು ಸುತ್ತಿಕೊಂಡು, ಸ್ಟೋವಿನ ಹತ್ತಿರ ಕೂತಿದ್ದಳು. ಮುಖ ಶುಭ್ರವಾಗಿತ್ತು. ಅಷ್ಟು ಚೆಲುವೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅತ್ತೆ ಅವಲಕ್ಕಿ ಕಲಸಲು ಆಚೆ ತಿರುಗಿದಾಗ ನನ್ನ ಹೆಂಡತಿ ಆಕೆಯ ಕುತ್ತಿಗೆಯ ಮೇಲೆ ಬೆರಳಾಡಿಸಿ ನೋಡಿದಳು. ಒಂದು ಗೆರೆಯೂ ಇರಲಿಲ್ಲ.

"ಯಾಕಕ್ಕ ಬೇಡ ಅನ್ನಲಿಲ್ಲ?" ಎಂದು ಪಿಸುಗುಟ್ಟಿದಳು.

"ನಮ್ಮವ್ವ ಸತ್ತಮ್ಯಾಲ ನನ್ನ ತಲಿಗೆ ಯಾರೂ ಎಣ್ಣಿ ಹಚ್ಚಿದ್ದಿಲ್ಲ ತಂಗಿ," ಎಂದಳು ಆಕೆ. "ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ನನ್ನ ಹೆಂಡತಿ ಅಳತೊಡಗಿದಳು. ಅತ್ತೆ ತಿರುಗಿ ನೋಡಿ, ಹಬ್ಬದ ದಿನ ಕಣ್ಣೀರು ಹಾಕಬಾರದು ಎಂದರು. ಆಗ ಆಕೆ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು ನನ್ನ ಕಡೆ ನೋಡಿದಳು. "ಅವ್ವಗ ಹೇಳಬ್ಯಾಡ್ರಿ ಅಣ್ಣಾರ. ಭಾಳ ಅಂತಃಕರಣದಿಂದ ಎರದಾಳ," ಎಂದಳು ಮೆಲ್ಲಗೆ. ನಾವು ಹೇಳಲಿಲ್ಲ.

ರಜೆ ಮುಗಿದ ದಿನ ಮೂವರೂ ಆಸ್ಪತ್ರೆಗೆ ಹೋದೆವು. ಅಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ನನಗೂ ಎದುರು ಮಾತಾಡಲು ಏನಾದರೂ ಸಿಗುತ್ತಿತ್ತು. ಗುರುತಿಲ್ಲದೆ ಯಂತ್ರದ ಕೆಳಗೆ ಮಲಗಿಸುವ ಹಾಗಿಲ್ಲ, ಮತ್ತೆ ಫಿಲ್ಮು ತೆಗೆದು ಅಳತೆ ಮಾಡಬೇಕು, ಡಾಕ್ಟರು ಹಬ್ಬಕ್ಕೆ ಊರಿಗೆ ಹೋಗಿದ್ದಾರೆ, ಮುಂದಿನ ಸೋಮವಾರ ಬನ್ನಿ ಎಂದರು. ಆಕೆ ತಲೆಯಾಡಿಸಿದಳು. ನನ್ನ ಹೆಂಡತಿ ಒಳಗೆ ಹೋಗಿ ಕರೆಂಟು ತೆಗೆದುಕೊಂಡು ಬರುವವರೆಗೆ ಈ ಸಲ ಚಪ್ಪಲಿ ಕಾಯುತ್ತ ನಾವಿಬ್ಬರು ಕೂತಿದ್ದೆವು. ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. ಗಂಜಿಗೆ ಉಪ್ಪು ಸರಿಯಿತ್ತೇ ಎಂದು ಕೇಳಿದೆ.

ಆ ವಾರದ ಕೊನೆಗೆ ಆಕೆ ಡೊಂಬಿವಲಿಯಲ್ಲಿ ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಮ್ಮನ್ನು ಕಾಯುತ್ತಿದ್ದಳು. ಕೈಯಲ್ಲಿ, ಹಿಂದಿನ ಸಲ ನಮ್ಮಿಂದ ಒಯ್ದಿದ್ದ ಫ್ಲಾಸ್ಕು, ತೊಳೆದು ತಂದದ್ದು.

"ಪನವೇಲ ಕಡೆ ಕಳಂಬೋಲಿಗೆ ಹೊಂಟೀವ್ರಿ," ಎಂದಳು. "ಅಲ್ಲಿ ಕಬ್ಬಿಣದ ಬಜಾರ ಆಗಾಕತ್ತದಂತ. ಹಮಾಲರ ಮುಕಾದಮ ಇಡೀ ಟೋಳಿನ ಟ್ರಕ್ಕಿನಾಗ ಹಾಕ್ಕೊಂಡು ಒಯ್ಯಾಕತ್ಯಾನ."

"ಮತ್ತೆ ಸೋಮವಾರ?" ಎಂದಳು ನನ್ನ ಹೆಂಡತಿ.

"ಮನ್ಯಾಗಿನವ್ರು ಕೇಳವಲ್ರು ತಂಗಿ. ಕಲಿ ಅಳಿಸ್ಯಾರ ಅಂದ್ರ ಮುಗೀತು, ಆರಾಮ ಆತು, ಇನ್ನ ಯಾಕ ಹೋಗೂದು ಅಂತಾರ. ನಾ ಹೇಳೀನಿ. ನಂಬವಲ್ರು."

ಹಾಗೆ ತಿಳಿದದ್ದರಲ್ಲಿ ಆಕೆಯ ಗಂಡನ ತಪ್ಪೇನು? ಬಾವು ಇಳಿದಿತ್ತು, ಮುಖ ಶುಭ್ರವಾಗಿತ್ತು, ಆಸ್ಪತ್ರೆಯವರೇ ಕರೆಂಟು ಕೊಡದೆ ವಾಪಸು ಕಳಿಸಿದ್ದರು. ಸೋಮವಾರದವರೆಗೆ ನಮ್ಮಲ್ಲೇ ಇರು ಎಂದು ನನ್ನ ಹೆಂಡತಿ ಆಕೆಯ ಸೆರಗು ಹಿಡಿದಳು. ನಿಮ್ಮ ಅವ್ವಗ ಗೊತ್ತಾಗ್ತದ ಎಂದಳು ಆಕೆ. ನಾನು ಬಂದು ನಿಮ್ಮ ಯಜಮಾನರಿಗೆ ತಿಳಿಸಿ ಹೇಳುತ್ತೇನೆ ಎಂದೆ. ಟ್ರಕ್ಕು ಮಧ್ಯಾಹ್ನವೇ ಹೊರಡುತ್ತದೆ ಎಂದಳು. ಅಲ್ಲಿಂದ ಬಸ್ಸು ಇರುತ್ತದೆ, ಸೋಮವಾರ ಏನಾದರೂ ಮಾಡಿ ಬಂದೇ ಬರುತ್ತೇನೆ ಎಂದು ಮಾತು ಕೊಟ್ಟಳು. ಕಲ್ಯಾಣದ ಗಾಡಿ ಎದುರಿನ ಪ್ಲಾಟ್‌ಫಾರ್ಮಿಗೆ ಬಂತು, ಆಕೆ ಓಡಿ ಸೇತುವೆ ಹತ್ತಿದಳು. ಫ್ಲಾಸ್ಕು ನನ್ನ ಹೆಂಡತಿಯ ಕೈಯಲ್ಲಿ ಉಳಿಯಿತು.

ಸೋಮವಾರ ಬೆಂಚಿನಲ್ಲಿ ಸಂಜೆಯವರೆಗೆ ಕಾದೆವು. ಮಂಗಳವಾರವೂ ಕಾದೆವು.

ಹೋಟೆಲಿಗೆ ರಜೆ ಹಾಕಿ ಕಲ್ಯಾಣದಿಂದ ಪನವೇಲಿನ ಎಸ್‌ಟಿ ಬಸ್ಸು ಹತ್ತಿ ನಾನು ಕಳಂಬೋಲಿಗೆ ಹೋದೆ. ಬಯಲೋ ಬಯಲು. ಎಲ್ಲಿ ನೋಡಿದರೂ ಕಬ್ಬಿಣದ ಸಲಾಕೆ, ಅರ್ಧ ಎದ್ದ ಗೋಡೆ, ತಗಡಿನ ಜೋಪಡಿಗಳ ಸಾಲು. ಸಾಲಿಗೆ ಸಾಲೇ ಕನ್ನಡ ಮಾತಾಡುವವರು. ಖುಷಿಯಾಯಿತು, ಈಗ ಸಿಕ್ಕಿಬಿಡುತ್ತಾಳೆ ಎಂದುಕೊಂಡೆ.

"ಹೆಸರೇನ್ರಿ ಆ ಹೆಣ್ಮಗಳದು?" ಎಂದು ಕೇಳಿದರು.

ಗೊತ್ತಿರಲಿಲ್ಲ. ಗಂಡನ ಹೆಸರು ಹೇಳ್ರಿ ಸಾಕು ಎಂದರು. ಆ ಹೆಸರನ್ನು ಆಕೆ ಒಮ್ಮೆಯಾದರೂ ಬಾಯಲ್ಲಿ ಹೇಳಿದ್ದರೆ ತಾನೆ? ಮನೆಯೊಳಗಿನವರು ಎಂದೇ ಆಕೆಯ ಮಾತು. ಗಂಡನ ಹೆಸರು ಹೇಳುವುದು ನನ್ನ ಹೆಂಡತಿಗೂ ರೂಢಿಯಿಲ್ಲ, ಆದ್ದರಿಂದ ಅವಳೂ ಕೇಳಿರಲಿಲ್ಲ. ಯಾವ ಮುಕಾದಮನ ಟೋಳಿ? ಅದೂ ತಿಳಿಯದು. ರಾಯಚೂರು ಕಡೆಯವರೆಂದರೆ ಇಲ್ಲಿ ಎಲ್ಲರೂ ಅಲ್ಲಿಯವರೇ ಎಂದು ಒಬ್ಬ ಮುದುಕ ನಕ್ಕ. ಕೆನ್ನೆಯಿಂದ ಕುತ್ತಿಗೆಯವರೆಗೆ ನೇರಳೆ ಗೆರೆ ಇರುತ್ತದೆ ಎಂದು ಹೇಳಹೊರಟು ಅರ್ಧಕ್ಕೆ ನಿಲ್ಲಿಸಿದೆ. ಆ ಗುರುತೂ ಈಗ ಇಲ್ಲವಲ್ಲ. ಆಸ್ಪತ್ರೆಯಲ್ಲಿ ವಿಚಾರಿಸಿದಾಗಲೂ ಹೆಸರು ಹೇಳಿ ಎಂದೇ ಕೇಳಿದರು. ಮತ್ತೆರಡು ಸಲ ಕಳಂಬೋಲಿಗೆ ಹೋದೆ. ಹೆಂಡತಿ ಕೊಟ್ಟ ಗಂಜಿಯ ಫ್ಲಾಸ್ಕನ್ನು ಹೊತ್ತುಕೊಂಡು ಹೋಗಿ ಹೊತ್ತುಕೊಂಡೇ ಬಂದೆ.

ನನ್ನ ಹೆಂಡತಿಯ ಕರೆಂಟು ಮುಗಿಯುವವರೆಗೆ ನಾವು ದಿನವೂ ಡೊಂಬಿವಲಿಯಿಂದ ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ ಅಲ್ಲಿಂದ ಗಾಡಿ ಹತ್ತಿದೆವು. ಕಿಟಕಿಯ ಪಕ್ಕ ಕೂತು, ಪಕ್ಕದ ಜಾಗದ ಮೇಲೆ ಫ್ಲಾಸ್ಕು ಇಟ್ಟುಕೊಂಡು ಅವಳು ಡೊಂಬಿವಲಿಯವರೆಗೆ ಯಾರೊಂದಿಗೋ ಜಗಳಾಡುತ್ತಿದ್ದುದು ಜಾಲರಿಯ ಈಚೆಯಿಂದ ಕಾಣುತ್ತಿತ್ತು. ಡೊಂಬಿವಲಿಯ ನೂಕಿನಲ್ಲಿ ಫ್ಲಾಸ್ಕು ತೆಗೆದು ಜಾಗ ಬಿಡಬೇಕಾಗುತ್ತಿತ್ತು. ಅವಳು ಬದುಕಿಕೊಂಡಳು. ನನಗಿಂತ ಗಟ್ಟಿಯಾಗಿದ್ದಾಳೆ ಈಗಲೂ.

ಮರುವರ್ಷದ ದೀಪಾವಳಿಗೆ ಅತ್ತೆ ಮತ್ತೆ ಬಂದರು. ಚೀಲದಿಂದ ಎಣ್ಣೆಯ ಎರಡು ಬಾಟಲಿ ತೆಗೆದಿಟ್ಟರು.

"ಇದೊಂದು ನಿನಗೆ, ಇದು ಆ ಹುಡುಗಿಗೆ," ಎಂದರು. "ಅವಳು ಹೇಗಿದ್ದಾಳೆ? ಹಲ್ಲುನೋವು ಹೋಯಿತಾ?"

"ಹೋಯಿತಮ್ಮ," ಎಂದಳು ನನ್ನ ಹೆಂಡತಿ. "ಗುಣ ಆಗಿ ಊರಿಗೆ ಹೋದಳು."

ಅತ್ತೆಯ ಮುಖ ಅರಳಿತು. "ಹೋಗದೆ ಎಂತ? ಅವತ್ತು ನಾನು ಅಷ್ಟು ಎಣ್ಣೆ ಇಳಿಸಿ ಉಜ್ಜಿದ್ದು ಸುಮ್ಮನೆಯಾ? ಉಷ್ಣಕ್ಕೆ ಬಂದ ನೋವು ಅದು. ನಿಮಗೆಲ್ಲ ಅದು ಗೊತ್ತಾಗುವುದಿಲ್ಲ. ಬಾ, ಇಲ್ಲಿ ಕೂತುಕೋ."

ನನ್ನ ಹೆಂಡತಿ ಮಣೆಯ ಮೇಲೆ ಕೂತಳು. ಅತ್ತೆ ಆ ಎರಡನೆಯ ಬಾಟಲಿಯನ್ನೇ ತೆರೆದು, ಅಂಗೈಗೆ ಸುರಿದುಕೊಂಡು, ಮಗಳ ನೆತ್ತಿಗೆ ತಟ್ಟತೊಡಗಿದರು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

"ನನ್ನ ಕೈಗುಣ ಅದು," ಎನ್ನುತ್ತಿದ್ದರು ಅತ್ತೆ ಒಳಗೆ.

"ಹೌದಮ್ಮ," ಎಂದಳು ಅವಳು.